ಹೃದಯಾಕಾರದ ಮುಖದವರೇ, ನೇರ ಫ್ರಿಂಜ್‌ಗೆ ಒಪ್ಪುವ ಮೊದಲು ಇದನ್ನು ಓದಿ

ಮೂಡಿಗೆರೆ ಕಡೆಯ ಹುಡುಗಿಯೊಬ್ಬಳು ನಿಶ್ಚಿತಾರ್ಥಕ್ಕೆಂದು ಚಿಕ್ಕಮಗಳೂರಿನ ಒಂದು ಪಾರ್ಲರ್‌ನಲ್ಲಿ ಹೇರ್‌ಕಟ್ ಮಾಡಿಸಿಕೊಂಡಳು. ಹಣೆ ಅಗಲ, ಗದ್ದ ಚೂಪು, ಅಂದರೆ ಹೃದಯಾಕಾರದ ಮುಖ; ಅಲೆ ಅಲೆಯಾದ ಕೂದಲು. "ಹಣೆ ಮುಚ್ಚಿಬಿಡೋಣ" ಅಂತ ಪಾರ್ಲರ್‌ನವರು ಒದ್ದೆ ಕೂದಲನ್ನೇ ಬಾಚಿ ಎಳೆದು, ಹುಬ್ಬಿನ ಮಟ್ಟಕ್ಕೆ ನೇರವಾಗಿ ಕತ್ತರಿ ಹಾಕಿ ಫ್ರಿಂಜ್ (ಹಣೆಯ ಮೇಲೆ ಬೀಳುವ ಗಿಡ್ಡ ಮುಂಗೂದಲು) ಮಾಡಿದರು. ಪಕ್ಕದ ಲೇಯರ್‌ಗಳನ್ನು (ಹಂತಹಂತವಾಗಿ ಕತ್ತರಿಸಿದ ಕೂದಲು) ಕೆನ್ನೆ ಮೂಳೆಯಿಂದಲೇ ಶುರು ಮಾಡಿದರು. ಒಣಗಿದ ಮೇಲೆ ಫ್ರಿಂಜ್ ಹಣೆಯ ನಡುವಿಗೆ ಏರಿ ನಿಂತಿತು, ಕೆನ್ನೆಯ ಪಕ್ಕ ಕೂದಲು ಉಬ್ಬಿತು. ಮುಖ ಮೇಲೆ ಇನ್ನಷ್ಟು ಅಗಲ, ಕೆಳಗೆ ಇನ್ನಷ್ಟು ಚೂಪಾಗಿ ಕಾಣತೊಡಗಿತು.

ಹೀಗಾಗಲು ಕಾರಣವಿದೆ. ಒದ್ದೆ ಕೂದಲು ಹಿಗ್ಗುತ್ತದೆ, ಒಣಗಿದಾಗ ಮೇಲಕ್ಕೆ ಸುರುಳುತ್ತದೆ. ಗುಂಗುರು ಹೆಚ್ಚಿದ್ದಷ್ಟೂ ಏರುವುದೂ ಹೆಚ್ಚು. ಮಲೆನಾಡಿನ ಮಳೆಗಾಲದಲ್ಲಂತೂ ಗಾಳಿಯ ತೇವವನ್ನು ಕೂದಲು ಹೀರಿಕೊಳ್ಳುತ್ತದೆ. ಬೆಳಿಗ್ಗೆ ಐರನ್ ಮಾಡಿ ನೇರ ಮಾಡಿದ್ದು ಮಧ್ಯಾಹ್ನಕ್ಕೆ ಮತ್ತೆ ಸುರುಳಿ. ಅದಕ್ಕಿಂತ ಮುಖ್ಯವಾದದ್ದು, ಹಣೆಗೆ ಅಡ್ಡ ಬಿದ್ದ ದಪ್ಪ ಗೆರೆ ನೋಡುವವರ ಕಣ್ಣನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಮುಚ್ಚಬೇಕೆಂದ ಅಗಲವೇ ಎದ್ದು ಕಾಣುತ್ತದೆ.

ಈ ಮುಖಕ್ಕೆ ತುಂಬಬೇಕಾದ ಜಾಗ ದವಡೆಯ ಪಕ್ಕ. ಹಾಗಾಗಿ ಲೇಯರ್ ಗದ್ದದ ಕೆಳಗಿನಿಂದಲೇ ಶುರುವಾಗಲಿ. ಉದ್ದ ಕೊರಳ ಮೂಳೆಯ ಹತ್ತಿರ ನಿಂತರೆ ಬಹಳ ಒಪ್ಪುತ್ತದೆ. ಬೈತಲೆಯನ್ನು ನಡುವಿನಿಂದ ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿ. ಫ್ರಿಂಜ್ ಬೇಕೇ ಬೇಕೆಂದರೆ ತೆಳುವಾಗಿ, ಓರೆಯಾಗಿ, ಅತಿ ಉದ್ದದ ಎಳೆ ಕೆನ್ನೆ ಮೂಳೆ ದಾಟುವಂತೆ ಹಾಕಿಸಿ. ಅಲೆಗೂದಲಾದರೆ ಅದನ್ನು ಒಣಗಿಸಿದ ಮೇಲೆಯೇ ಕತ್ತರಿಸಲು ಹೇಳಿ, ಮೊದಲ ಸಲ ಬೇಕಾದದ್ದಕ್ಕಿಂತ ಎರಡು ಸೆಂಟಿಮೀಟರ್ ಹೆಚ್ಚು ಉದ್ದವೇ ಬಿಡಿಸಿ. ಆಮೇಲೆ ಕಡಿಮೆ ಮಾಡಬಹುದು, ಸೇರಿಸಲಾಗದು. ಸ್ಮೂದನಿಂಗ್ (ರಾಸಾಯನಿಕ ಹಚ್ಚಿ ಕೂದಲನ್ನು ನೇರ ಮಾಡುವುದು) ಮಾಡಿಸಿದರೆ ಸರಿಹೋಗುತ್ತದೆ ಎಂಬ ಮಾತಿಗೆ ದಯವಿಟ್ಟು ಮರುಳಾಗಬೇಡಿ: ಕೂದಲು ಚಪ್ಪಟೆಯಾಗಿ ಇಳಿಬಿದ್ದರೆ ಗದ್ದದ ಪಕ್ಕ ಇರುವ ತುಂಬುವಿಕೆಯೂ ಹೋಗುತ್ತದೆ.

ಮದುವೆಗೆ ಮೊಗ್ಗಿನ ಜಡೆ ಹಾಕುವವರು ಮುಂದಲೆಯ ಕೂದಲನ್ನು ಉಬ್ಬಿಸಿ ಎತ್ತರದ ಪಫ್ ಕಟ್ಟುವುದು ರೂಢಿ. ಬೇಡವೆನ್ನಿ. ಕಿವಿಯ ಮುಂದೆ ಸಣ್ಣ ಎಳೆಯೊಂದನ್ನು ದವಡೆಯವರೆಗೆ ಇಳಿಬಿಡಿಸಿ. ಬೈತಲೆ ಬೊಟ್ಟಿಗಾಗಿ ನಡುಬೈತಲೆ ತೆಗೆಯಲೇಬೇಕಾದರೆ ಎರಡೂ ಪಕ್ಕದ ಕೂದಲು ಕಣತಲೆಯ ಮೇಲೆ ಸಡಿಲವಾಗಿ ಹಾದುಹೋಗಲಿ. ಅಲ್ಲಿ ದಿನವೂ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರೆ ಅಂಚಿನ ಕೂದಲು ಉದುರಿ ಹಣೆ ನಿಜಕ್ಕೂ ಅಗಲವಾಗಬಹುದು.

ಈಗಾಗಲೇ ಕೆಟ್ಟಿದ್ದರೆ ಸರಿ ಮಾಡಿಸಲೆಂದು ಮತ್ತೆ ಕತ್ತರಿ ಹಾಕಿಸಬೇಡಿ. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಹಣೆಯ ನಡುವೆ ನಿಂತ ಫ್ರಿಂಜ್ ಕೆನ್ನೆಗಿಳಿಯಲು ಅರ್ಧ ವರ್ಷಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ತುಸು ಜೆಲ್ ಹಚ್ಚಿ, ಓರೆಯಾಗಿ ಬಾಚಿ, ಹುಬ್ಬಿನ ಕೊನೆಯ ನೇರಕ್ಕೆ ಕಪ್ಪು ಪಿನ್ ಹಾಕಿ, ಅದರ ಮೇಲೆ ಪಕ್ಕದ ಕೂದಲನ್ನು ಇಳಿಬಿಟ್ಟು ಪಿನ್ ಮುಚ್ಚಿ.