ಡೈ-ಕಾಸ್ಟ್ ಅಲ್ಯೂಮಿನಿಯಂ ಪೆಟ್ಟಿಗೆ: ಮೂರು ವರ್ಷದ ಬಳಕೆಯ ನಂತರ

ಬ್ಯಾಟರಿಯೇ ಇಲ್ಲದೆ ಎಲ್‌ಇಡಿ ಮಿನುಗುತ್ತದೆ, ಶಾರ್ಟ್ ಮಾಡಿಟ್ಟ ಕೆಪಾಸಿಟರ್ ತಾನಾಗಿ ಮತ್ತೆ ತುಂಬಿಕೊಳ್ಳುತ್ತದೆ. ಇಂಥ ಸರ್ಕ್ಯೂಟ್‌ಗಳಿಗೆ ವಿದ್ಯುತ್ ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಈ ಪೆಟ್ಟಿಗೆಯಷ್ಟು ಉಪಯೋಗಕ್ಕೆ ಬರುವ ಸಾಮಾನು ಇನ್ನೊಂದಿಲ್ಲ. ಸರ್ಕ್ಯೂಟನ್ನು ಒಳಗಿಟ್ಟು ಮುಚ್ಚಿದರೆ ಹೊರಗಿನ ರೇಡಿಯೋ ಅಲೆ, ಮನೆ ವೈರಿಂಗಿನ ವಿದ್ಯುತ್ ಕ್ಷೇತ್ರ ಒಳಬರುವುದಿಲ್ಲ; ಆಗ ವೋಲ್ಟೇಜ್ ಇಳಿದರೆ ಅದು ಹೊರಗಿನಿಂದ ಬರುತ್ತಿತ್ತು ಎಂದರ್ಥ. ಅಳತೆ 120×95×35 ಮಿಮೀ, ಗೋಡೆಯ ದಪ್ಪ ಸುಮಾರು 2 ಮಿಮೀ, ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಆದರೆ ತಂದ ಹಾಗೆಯೇ ಬಳಸಿದರೆ ಅರ್ಧ ಕೆಲಸವೂ ಆಗುವುದಿಲ್ಲ.

ತೊಂದರೆಯೆಲ್ಲ ಮುಚ್ಚಳದಲ್ಲಿದೆ. ಬಣ್ಣ ಬಳಿದ ಮಾದರಿಯಲ್ಲಿ ಅಂಚಿಗೂ ಬಣ್ಣ ಹತ್ತಿರುತ್ತದೆ, ಸ್ಕ್ರೂ ಇರುವ ಕಡೆ ಬಿಟ್ಟರೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಸಂದಿನ ಉದ್ದ ತರಂಗಾಂತರದ ಇಪ್ಪತ್ತರಲ್ಲಿ ಒಂದು ಪಾಲು ಮೀರಬಾರದು ಎಂಬುದು ರೂಢಿಯ ಲೆಕ್ಕ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್‌ಗೆ ಅದು ಬರೀ 6 ಮಿಮೀ. 240 ನಂಬರಿನ ಎಮರಿ ಕಾಗದದಿಂದ ಎರಡೂ ಅಂಚು ಹೊಳೆಯುವಂತೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಸಂದಿನ ಸುತ್ತ ತಾಮ್ರದ ಟೇಪ್ ಹಾಕಿ. ಟೇಪಿನ ಅಂಟೂ ವಿದ್ಯುತ್ ಹರಿಸುವಂಥದ್ದಾಗಿರಬೇಕು: ಎರಡು ತುಂಡನ್ನು ಒಂದರ ಮೇಲೊಂದು ಅಂಟಿಸಿ ಅಳೆದರೆ 1 ಓಮ್ ಒಳಗೆ ಬರಬೇಕು. ಬ್ಲೂಟೂತ್ ಇಯರ್‌ಬಡ್ ಒಳಗಿಟ್ಟು ಸ್ಕ್ರೂ ಬಿಗಿದಾಗ ಸಂಪರ್ಕ ಕಡಿದರೆ ಸಂದು ಸರಿಯಾಗಿದೆ. ತೇವ ಇರುವ ಕಡೆ ತಾಮ್ರ ಅಲ್ಯೂಮಿನಿಯಂ ಕೂಡುವಲ್ಲಿ ಸಣ್ಣ ಬಿಳಿ ಪುಡಿ ಏಳುತ್ತದೆ. ಅದು ಕಂಡ ದಿನವೇ ಟೇಪ್ ಕಿತ್ತು ಮತ್ತೆ ಉಜ್ಜಬೇಕು.

ಗ್ರೌಂಡಿಂಗ್ ಸರಳ. ಸರ್ಕ್ಯೂಟಿನ ಸೊನ್ನೆ ವೋಲ್ಟ್ ಗೆರೆಯನ್ನು ಒಂದೇ ಜಾಗದಲ್ಲಿ, ಹಲ್ಲಿನ ವಾಷರ್ ಹಾಕಿದ ಎಂ3 ಸ್ಕ್ರೂವಿನಿಂದ ಪೆಟ್ಟಿಗೆಗೆ ಸೇರಿಸಿ. ನ್ಯೂಟ್ರಲ್ ತಂತಿಯನ್ನು ಅರ್ಥ್ ಎಂದು ಎಂದಿಗೂ ಜೋಡಿಸಬೇಡಿ, ಜೀವಕ್ಕೇ ಅಪಾಯ.

ಹೊರಗೆ ಬರುವ ಒಂದು ತಂತಿ ಸಾಕು, ಅಷ್ಟೂ ಶ್ರಮ ವ್ಯರ್ಥ. 230 ವೋಲ್ಟ್, 50 ಹರ್ಟ್ಸ್ ವೈರಿಂಗ್ ಮತ್ತು ಆ ತಂತಿಯ ನಡುವೆ 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಇದ್ದರೆ (ಹತ್ತಿರವಿರುವ ಎರಡು ತಂತಿಗಳೇ ಸಣ್ಣ ಕೆಪಾಸಿಟರ್‌ನಂತೆ ವರ್ತಿಸುತ್ತವೆ) ಹರಿಯುವುದು ಸುಮಾರು 7 ಮೈಕ್ರೋಆಂಪಿಯರ್. ಕತ್ತಲಲ್ಲಿ ಒಳ್ಳೆಯ ಎಲ್‌ಇಡಿ ಮಂಕಾಗಿ ಕಾಣಲು ಅಷ್ಟು ಸಾಕು. 10 ಮೆಗಾಓಮ್ ಇನ್‌ಪುಟ್‌ನ ಮಲ್ಟಿಮೀಟರ್ ಅದನ್ನೇ 60–70 ವೋಲ್ಟ್ ಎಂದು ತೋರಿಸುತ್ತದೆ! ಮೀಟರಿನ ಎರಡು ತುದಿಗಳ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ 70 ಮಿಲಿವೋಲ್ಟ್ ಆಸುಪಾಸಿಗೆ ಕುಸಿಯುತ್ತದೆ. ಹಾಗಾಗಿ ಮೀಟರ್ ಮಾಡ್ಯೂಲ್ ಮತ್ತು ಅದರ ಬ್ಯಾಟರಿ ಎರಡೂ ಒಳಗೇ ಇರಲಿ. ನೋಡಲು 3 ಮಿಮೀ ರಂಧ್ರ ಕೊರೆಯಬಹುದು, ಆದರೆ ಅಳೆಯುವಾಗ ಅದಕ್ಕೆ ಟೇಪ್ ಅಂಟಿಸಿ: ಬೆಳಕು ಬಿದ್ದರೆ ಎಲ್‌ಇಡಿಯೇ ಸೌರಕೋಶದಂತೆ ವೋಲ್ಟೇಜ್ ಕೊಡುತ್ತದೆ.

ಪೆಟ್ಟಿಗೆ ಮುಚ್ಚಿದ ಮೇಲೂ ವೋಲ್ಟೇಜ್ ಉಳಿದರೆ ಮೊದಲ ಸಂಶಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ. ಅದರ ಡೈಎಲೆಕ್ಟ್ರಿಕ್‌ನಲ್ಲಿ, ಅಂದರೆ ಒಳಗಿನ ನಿರೋಧಕ ಪದರದಲ್ಲಿ, ಹಿಡಿದಿಟ್ಟ ಚಾರ್ಜ್ ನಿಧಾನವಾಗಿ ಹೊರಬರುತ್ತದೆ. ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದರೆ ಆ ಏರಿಕೆ ಬಹುಪಾಲು ಮಾಯ. ಆಮೇಲೆ ನೋಡಬೇಕಾದದ್ದು ಎರಡು ಬೇರೆ ಲೋಹ ತೇವದಲ್ಲಿ ತಾಗಿರುವ ಜಾಗ, ಅದೇ ಒಂದು ಸಣ್ಣ ಬ್ಯಾಟರಿಯಾಗುತ್ತದೆ.

ಕೊರತೆ ಒಂದಿದೆ. 50 ಹರ್ಟ್ಸ್ ಕಾಂತಕ್ಷೇತ್ರವನ್ನು ಇದು ತಡೆಯುವುದಿಲ್ಲ: ಆ ಆವರ್ತನದಲ್ಲಿ ಅಲ್ಯೂಮಿನಿಯಂನ ಸ್ಕಿನ್ ಡೆಪ್ತ್ (ಕ್ಷೇತ್ರ ಲೋಹದೊಳಗೆ ಇಳಿಯುವ ಆಳ) ಸುಮಾರು 12 ಮಿಮೀ, ಗೋಡೆಯೋ 2 ಮಿಮೀ. ಸುರುಳಿ ಇರುವ ಸರ್ಕ್ಯೂಟ್ ಆದರೆ ಟ್ರಾನ್ಸ್‌ಫಾರ್ಮರ್, ಫ್ಯಾನ್‌ಗಳಿಂದ ಎರಡು ಮೀಟರ್ ದೂರ ಒಯ್ದು, ಪೆಟ್ಟಿಗೆಯನ್ನು 90 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ಐದಕ್ಕೆ ನಾಲ್ಕು ಅಂಕ. ಕೊಳ್ಳುವುದಾದರೆ ಬಣ್ಣವಿಲ್ಲದ ಮಾದರಿಯನ್ನೇ ಕೊಳ್ಳಿ.