ಸಿ ಭಾಷೆಯಲ್ಲಿ ಹೆಸರಿಡುವಾಗ: ಐಎಸ್‌ಒ ನಿಯಮವೋ, ಪಾಸಿಕ್ಸ್ ನಿಯಮವೋ?

ಪುಣೆಯ ಹಿಂಜವಡಿ, ಪಿಂಪ್ರಿ-ಚಿಂಚ್ವಡ ಭಾಗದಲ್ಲಿ ದುಡಿಯುವ ನಮ್ಮ ಕನ್ನಡದ ಎಂಜಿನಿಯರುಗಳಲ್ಲಿ ಕೆಲವರು ವಾಹನದ ನಿಯಂತ್ರಕಗಳಿಗೆ, ಇನ್ನು ಕೆಲವರು ಲಿನಕ್ಸ್ ಸರ್ವರುಗಳಿಗೆ ಸಿ ಕೋಡ್ ಬರೆಯುತ್ತಾರೆ. ಲೈಬ್ರರಿಯ ಫಂಕ್ಷನ್, ಟೈಪುಗಳ ಹೆಸರುಗಳಿಗೆ ಸಿ ಭಾಷೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒದ ನಿಯಮ ಅನುಸರಿಸಬೇಕೋ, ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನಕವಾದ ಪಾಸಿಕ್ಸ್‌ನ ನಿಯಮ ಅನುಸರಿಸಬೇಕೋ ಎಂಬ ಆಯ್ಕೆ ಇಬ್ಬರಿಗೂ ಎದುರಾಗುತ್ತದೆ.

ಎರಡು ಅಂಡರ್‌ಸ್ಕೋರ್‌ನಿಂದ, ಅಥವಾ ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರದಿಂದ ಆರಂಭವಾಗುವ ಹೆಸರುಗಳನ್ನು ಎರಡೂ ಮಾನಕಗಳು ಕಂಪೈಲರ್ ಮತ್ತು ಲೈಬ್ರರಿಯ ತಯಾರಕರಿಗೇ ಬಿಟ್ಟಿವೆ. ಹೆಡರ್ ಕಡತ (ಬೇರೆ ಕೋಡ್ ಸೇರಿಸಿಕೊಳ್ಳುವ ಘೋಷಣೆಗಳ ಕಡತ) ಎರಡು ಬಾರಿ ಸೇರದಂತೆ ತಡೆಯುವ ಹೆಡರ್ ಗಾರ್ಡ್‌ಗಳ ಹೆಸರಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಅನೇಕರು ಗಮನಿಸುವುದೇ ಇಲ್ಲ.

ಐಎಸ್‌ಒ ನಿಯಮದ ಸೂಕ್ಷ್ಮವಿರುವುದು ಭವಿಷ್ಯಕ್ಕೆಂದು ಕಾದಿರಿಸಿದ ಹೆಸರುಗಳಲ್ಲಿ. 'ಎಸ್‌ಟಿಆರ್' (str), 'ಎಂಇಎಂ' (mem), 'ಐಎಸ್' (is), 'ಟಿಒ' (to) ಎಂಬ ಅಕ್ಷರಗಳ ನಂತರ ಸಣ್ಣಕ್ಷರ ಬರುವ ಫಂಕ್ಷನ್ ಹೆಸರುಗಳು ಇದರೊಳಗೆ ಬರುವುದರಿಂದ, ಮಾನಕದ 2011ರ ಆವೃತ್ತಿಯಾದ ಸಿ11ರ ಪ್ರಕಾರ 'ಟೋಕನ್' (token) ಎಂಬ ಬಾಹ್ಯ ಫಂಕ್ಷನ್ (ಬೇರೆ ಕಡತಗಳಿಗೂ ಕಾಣುವಂಥದು) ಕೂಡ ನಿಷಿದ್ಧವೇ. ನಂತರದ ಆವೃತ್ತಿಯಾದ ಸಿ23 ಇವನ್ನು 'ಸಂಭಾವ್ಯ ಕಾದಿರಿಸಿದವು' ಎಂದು ಕರೆದು, ಕಂಪೈಲರ್ ಅಥವಾ ಮುಂದಿನ ಮಾನಕ ನಿಜವಾಗಿ ಬಳಸಿದಾಗ ಮಾತ್ರ ತೊಡಕೆಂದು ಸಡಿಲಿಸಿತು. ಆದರೂ ಅಪಾಯ ಕಾಲ್ಪನಿಕವಲ್ಲ: ಪಠ್ಯವನ್ನು ನಕಲು ಮಾಡುವ, ಪಾಸಿಕ್ಸ್‌ನಲ್ಲಿದ್ದ 'ಸ್ಟ್ರ್‌ಡಪ್' (strdup) ಫಂಕ್ಷನ್ ಸಿ23ರಲ್ಲೇ ಮೂಲ ಮಾನಕದೊಳಗೆ ಬಂದಿತು.

ಪಾಸಿಕ್ಸ್ ಇನ್ನಷ್ಟು ಬಿಗಿ. ಅದರ ಯಾವ ಹೆಡರ್ ಸೇರಿಸಿದರೂ 'ಅಂಡರ್‌ಸ್ಕೋರ್ ಟಿ' (_t) ಎಂದು ಮುಗಿಯುವ ಎಲ್ಲ ಹೆಸರುಗಳೂ ಅದರ ಪಾಲಿಗೆ ಸೇರುತ್ತವೆ. ಐಎಸ್‌ಒದಲ್ಲಾದರೋ 'ಇಂಟ್' (int), 'ಯುಇಂಟ್' (uint) ಎಂದು ಆರಂಭವಾಗಿ ಹಾಗೆ ಮುಗಿಯುವ ಟೈಪುಗಳಿಗಷ್ಟೇ ಇಂಥ ಕಾಯ್ದಿರಿಕೆಯಿದೆ.

ನಿಯಂತ್ರಕದಲ್ಲಷ್ಟೇ ಓಡುವ ಕೋಡಿಗೆ ಐಎಸ್‌ಒ ಸಾಕು. ಆದರೆ ಅದೇ ಕೋಡಿನ ಪರೀಕ್ಷೆಗಳನ್ನು ಲಿನಕ್ಸ್ ಯಂತ್ರದಲ್ಲಿ ನಡೆಸುವುದಾದರೆ, ಸಾರ್ವಜನಿಕ ಹೆಡರಿಗಾದರೂ ಪಾಸಿಕ್ಸ್ ನಿಯಮವನ್ನೇ ಆರಿಸಿ, ಟೈಪುಗಳಿಗೆ 'ಅಂಡರ್‌ಸ್ಕೋರ್ ಟಿ' ಬಿಟ್ಟು ಲೈಬ್ರರಿಯದೇ ಪೂರ್ವಪ್ರತ್ಯಯ ಕೊಡುವುದು ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ.