ನ್ಯಾಚುರಲ್ ಸೆಲೆಕ್ಷನ್ 2: ಕಮಾಂಡರ್ ಕುರ್ಚಿ ಅಷ್ಟು ಸುಲಭವಲ್ಲ

ನ್ಯಾಚುರಲ್ ಸೆಲೆಕ್ಷನ್ 2 ಅನ್ನೋ ಕಂಪ್ಯೂಟರ್ ಆಟದಲ್ಲಿ ಮೊದಲ ಸಲ ಕಮಾಂಡರ್ ಆದಾಗ ಐದೇ ನಿಮಿಷದಲ್ಲಿ ತಂಡದವರು ವೋಟ್ ಹಾಕಿ ನನ್ನನ್ನು ಕೆಳಗಿಳಿಸಿದರು. ಹೌದು, ಈ ಆಟದಲ್ಲಿ ಅದಕ್ಕೂ ಅವಕಾಶ ಇದೆ. ತಪ್ಪು ನನ್ನದೇ ಬಿಡಿ.

2012ರಲ್ಲಿ ಬಂದ ಆಟ ಇದು. ಇದರ ಮೊದಲ ಭಾಗ 2002ರಲ್ಲಿ ಹಾಫ್-ಲೈಫ್ ಅನ್ನೋ ಆಟದ ಮೇಲೆ ಕಟ್ಟಿದ ಪುಕ್ಕಟೆ ಮಾಡ್ (ಮಾರ್ಪಾಡು). ಮರೀನ್‌ಗಳಿಗೂ ಏಲಿಯನ್‌ಗಳಿಗೂ ಜಗಳ. ಎಲ್ಲರೂ ಗನ್ ಹಿಡಿದು ಓಡುತ್ತಿದ್ದರೆ ಒಬ್ಬರು ಮಾತ್ರ ಕಮಾಂಡ್ ಸ್ಟೇಷನ್‌ನೊಳಗೆ ಕೂತು ಇಡೀ ಮ್ಯಾಪನ್ನು ಮೇಲಿನಿಂದ ನೋಡುತ್ತಾರೆ, ಏಜ್ ಆಫ್ ಎಂಪೈರ್ಸ್ ಆಡಿದ ಹಾಗೆ. ಆದರೆ ಇಲ್ಲಿ ಕೆಳಗಿರುವ ಸೈನಿಕ ಇನ್ಯಾವುದೋ ಊರಿನಲ್ಲಿ ಕೂತಿರೋ ಮನುಷ್ಯ, ನೀವು ಹೇಳಿದ ಕಡೆ ಹೋಗಲೇಬೇಕು ಅಂತೇನಿಲ್ಲ, ಅಲ್ವಾ?

ನಾನು ಮಾಡಿದ್ದು ಇಷ್ಟೇ. ಕಂಡಲ್ಲೆಲ್ಲ ಎಕ್ಸ್‌ಟ್ರಾಕ್ಟರ್ (ರಿಸೋರ್ಸ್, ಅಂದರೆ ಆಟದ ದುಡ್ಡು, ತೆಗೆಯೋ ಯಂತ್ರ) ಇಟ್ಟೆ, ಒಂದಕ್ಕೆ 10 ರಿಸೋರ್ಸ್. ಕಮಾಂಡರ್ ಇಡೋದು ಬರೀ ನಕ್ಷೆ, ಯಾರಾದರೂ ಅಲ್ಲಿಗೆ ನಡೆದುಹೋಗಿ ಕಟ್ಟಬೇಕು. ಯಾರೂ ಹೋಗಲಿಲ್ಲ. ಹೋಗಿ ಅಂತ ನಾನೂ ಬಾಯಿಬಿಟ್ಟು ಹೇಳಿರಲಿಲ್ಲ!

ಎರಡನೇ ಎಡವಟ್ಟು ಇನ್ನೂ ದೊಡ್ಡದು. ಬೇಸ್‌ಗೆ ಒಂದೇ ಒಂದು ಸ್ಕಲ್ಕ್ ನುಗ್ಗಿತ್ತು, ಗೋಡೆ ಹತ್ತಿ ಕಚ್ಚೋ ಚಿಕ್ಕ ಏಲಿಯನ್. ಗಾಬರಿಯಲ್ಲಿ ಬೀಕನ್ ಒತ್ತಿಬಿಟ್ಟೆ. ಅದು ಎಲ್ಲರನ್ನೂ ಬೇಸ್‌ಗೆ ಎಳೆದು ತರುತ್ತದೆ. ಆ ಹೊತ್ತಿಗೆ ನಮ್ಮವರು ಶತ್ರುವಿನ ಹೈವ್ (ಏಲಿಯನ್‌ಗಳ ಮುಖ್ಯ ಗೂಡು) ಮುಂದೆ ನಿಂತು ಅದನ್ನು ಮುಗಿಸೋದರಲ್ಲಿದ್ದರು. ಆಮೇಲೆ ಕೇಳಿದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ನಿಧಾನಕ್ಕೆ ಗೊತ್ತಾಗಿದ್ದು ಗಾಯ ವಾಸಿ ಮಾಡೋ ಮೆಡ್‌ಪ್ಯಾಕ್ ಮಹಿಮೆ. 1 ರಿಸೋರ್ಸ್ ಅಷ್ಟೇ. ಸಾಯೋ ಹೊತ್ತಿನಲ್ಲಿ ಮೇಲಿನಿಂದ ಒಂದು ಬಿತ್ತು ಅಂದರೆ ಆ ಹುಡುಗ ನಿಮ್ಮ ಮುಂದಿನ ಮಾತು ಕೇಳುತ್ತಾನೆ. ಹಾಗಂತ ಸುರಿಯುತ್ತಾ ಕೂತರೆ ಆರ್ಮರ್ ಅಪ್‌ಗ್ರೇಡ್‌ಗೆ ಏನೂ ಉಳಿಯಲ್ಲ, ಎರಡಕ್ಕೂ ಜೇಬು ಒಂದೇ. ಇನ್ನೊಂದು, 'ಎಲ್ಲರೂ ಮುಂದೆ ಹೋಗಿ' ಅಂದರೆ ಯಾರೂ ಕದಲಲ್ಲ, 'ಇಬ್ಬರು ಕ್ರಾಸ್‌ರೋಡ್ಸ್‌ಗೆ ಬನ್ನಿ, ಫೇಸ್ ಗೇಟ್ ಕಟ್ಟಬೇಕು' ಅಂದರೆ ಮೂವರು ಬರುತ್ತಾರೆ. (ಕ್ರಾಸ್‌ರೋಡ್ಸ್ ಮ್ಯಾಪಿನ ಒಂದು ಜಾಗ, ಫೇಸ್ ಗೇಟ್ ಅಂದರೆ ಒಂದರಿಂದ ಇನ್ನೊಂದಕ್ಕೆ ಕ್ಷಣದಲ್ಲಿ ದಾಟಿಸೋ ಬಾಗಿಲು.)

ಹೊಸಬರು ಮೊದಲು ಏಲಿಯನ್ ಕಡೆ ಕಮಾಂಡರ್ ಆಗಿ. ಅಲ್ಲಿ ಕಟ್ಟಡಗಳು ತಾವಾಗೇ ಬೆಳೆಯುತ್ತವೆ, ಯಾರ ಕೈಕಾಲೂ ಹಿಡಿಯಬೇಕಿಲ್ಲ. ಬಾಟ್‌ಗಳ (ಕಂಪ್ಯೂಟರೇ ಆಡಿಸೋ ಆಟಗಾರರು) ಜೊತೆ ಒಂದೆರಡು ದಿನ ಆಡಿದರೆ ಬಟನ್‌ಗಳು ಕೈಗೆ ಹತ್ತುತ್ತವೆ.

ಕೊರತೆಯೂ ಇದೆ. 2023ರಲ್ಲಿ ಇದರ ಅಭಿವೃದ್ಧಿ ನಿಂತಿದೆ, ಆಡೋರು ಕಡಿಮೆ, ಇರೋರು ಪಳಗಿದವರು. ಪೂರ್ತಿ ಬೆಲೆ ಕೊಡಬೇಡಿ, ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ರಿಯಾಯಿತಿ ಬಂದಾಗ ತಗೊಳ್ಳಿ. ಜೊತೆಗೆ ಒಂದು ಮೈಕ್ ಇರಲಿ. ನೀವು ಟೈಪ್ ಮಾಡಿ ಮುಗಿಸೋ ಹೊತ್ತಿಗೆ ಸ್ಕಲ್ಕ್ ಬಂದು ಎಕ್ಸ್‌ಟ್ರಾಕ್ಟರ್ ತಿಂದು ಹೋಗಿರುತ್ತೆ.